ಹೊಲಕ್ಕೆ ಬರುವವರು ಮೊದಲು ಕೇಳಲಿ



ಹೊಲ ಯಾರದು ಎಂದು ಕೇಳಿದರೆ ನಮ್ಮ ರೈತ ಉತಾರ ತೋರಿಸುತ್ತಾನೆ. ಅದರ ಮೇಲೆ ಅವನ ಹೆಸರಿದೆ, ಸರ್ವೆ ನಂಬರಿದೆ, ಎಕರೆ-ಗುಂಟೆಯ ಲೆಕ್ಕವಿದೆ. ಆದರೆ ಆ ಹೊಲದ ಕೆಳಗೆ ಏನಿದೆ ಎಂದು ನೋಡಲು ಬರುವವರು ಉತಾರ ನೋಡಿ ಬರುವುದಿಲ್ಲ, ನಕ್ಷೆ ನೋಡಿ ಬರುತ್ತಾರೆ. ನಕ್ಷೆಯಲ್ಲಿ ಬ್ಲಾಕ್ ಇದೆ, ಗೆರೆಗಳಿವೆ, ಅಂಕಿಗಳಿವೆ. ಹೆಸರು ಬಿತ್ತಿ ಮಳೆಗೆ ಕಾದು ಕುಳಿತ ಒಕ್ಕಲು ಮಾತ್ರ ಅದರಲ್ಲಿಲ್ಲ.

ಬಂದವರ ಮಾತು ಎಲ್ಲ ಊರಲ್ಲೂ ಒಂದೇ: “ಬರೇ ನೋಡಾಕ ಬಂದೇವ್ರಿ ಗೌಡ್ರ. ಒಂದ ಸಣ್ಣ ತೂತ ಹಾಕತೇವಿ, ಹೋಗತೇವಿ. ಇಲ್ಲೊಂದ ಸಹಿ ಮಾಡ್ರಿ.” ಈ ಮೂರು ಮಾತುಗಳಲ್ಲಿ ಮೊದಲಿನ ಎರಡು ಪೂರ್ತಿ ನಿಜವಲ್ಲ. ಮೂರನೆಯದು ಕೇಳುವ ರೀತಿಯೇ ಅಲ್ಲ.

ಈ ಲೇಖನದ ವಾದ ಇಷ್ಟೇ. ಖನಿಜ ಶೋಧನೆಗೆ ಬರುವವರು ಕಂಪನಿಯವರಿರಲಿ, ಸರಕಾರದವರಿರಲಿ, ಮೊದಲ ಗೂಟ ಹೊಡೆಯುವ ಮುನ್ನ ಭೂಮಿಯ ಒಡೆಯರನ್ನೂ ಅದನ್ನು ಉಳುವವರನ್ನೂ ಕೇಳಬೇಕು. ಕೇಳುವುದೆಂದರೆ ‘ಒಲ್ಲೆ’ ಎನ್ನುವ ಹಕ್ಕನ್ನು ಒಪ್ಪಿಕೊಂಡು ಕೇಳಬೇಕು. ‘ಒಲ್ಲೆ’ ಎನ್ನಲು ಬಾರದ ಕಡೆ ‘ಹೂಂ’ ಎಂಬ ಮಾತಿಗೆ ಬೆಲೆಯಿಲ್ಲ. ಇದನ್ನು ಸರಕಾರಕ್ಕೆ ಹೇಳಬೇಕು, ಕಂಪನಿಗಳಿಗೆ ಹೇಳಬೇಕು, ನಮ್ಮ ಮಠಗಳಿಗೂ ಹೇಳಬೇಕು.

ಇದು ನಮ್ಮ ನಾಡಿಗೆ ಹೊಸ ವಿಷಯವಲ್ಲ

ಗದಗ ಸೀಮೆಯ ಸೊರಟೂರಿನ ಹಳ್ಳದಲ್ಲಿ ಜಾಲಗಾರರು ಮರಳು ಜಾಲಿಸಿ ಚಿನ್ನದ ಕಣ ತೆಗೆಯುತ್ತಿದ್ದರು. ಡಂಬಳದ ಗುಡ್ಡಗಳ ಚಿನ್ನದ ಕಲ್ಲಿನ ಬಗ್ಗೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಬರೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಕಪ್ಪತಗುಡ್ಡದ ಕಬಲಾಯತಕಟ್ಟಿ, ಹೊಸೂರುಗಳ ಕಡೆ ಅಗೆದವು. ಲಾಭ ಕಾಣದೆ ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ಬರುತ್ತಿದೆ. ಕೋಲಾರದ ಗಣಿಗೆ 2001ರ ಫೆಬ್ರುವರಿಯಲ್ಲಿ ಬೀಗ ಬಿತ್ತು. ಹಾವೇರಿ ಜಿಲ್ಲೆಯ ಗಣಜೂರಿನ ಹೊಲಗಳಲ್ಲಿ ಚಿನ್ನದ ಅದಿರಿಗಾಗಿ ವರ್ಷಗಟ್ಟಲೆ ಕೊರೆಯಲಾಗಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಹುಡುಕಾಟ ನಡೆದಾಗ ಜನ ತಮ್ಮ ನೀರಿನ ಬಗ್ಗೆ, ಆರೋಗ್ಯದ ಬಗ್ಗೆ ಪ್ರಶ್ನೆ ಎತ್ತಿದರು. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಹೇಳಿದೆ.

ಅಂದರೆ ಮುಂದಿನ ದಿನಗಳಲ್ಲಿ ಹೊಲಕ್ಕೆ ಬರುವವರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತಾರೆ. 2023ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ತಂದು ಚಿನ್ನ, ಬೆಳ್ಳಿ, ತಾಮ್ರ, ಲಿಥಿಯಂ ಮೊದಲಾದ 29 ಖನಿಜಗಳಿಗೆ ‘ಅನ್ವೇಷಣಾ ಲೈಸೆನ್ಸ್’ ಎಂಬ ಹೊಸ ಪದ್ಧತಿ ಮಾಡಿದ್ದಾರೆ. ಒಂದು ಲೈಸೆನ್ಸಿಗೆ 1,000 ಚದರ ಕಿಲೋಮೀಟರ್‌ವರೆಗೆ ಜಾಗ ಕೊಡಬಹುದು. ಇಡೀ ಕಪ್ಪತಗುಡ್ಡ ವನ್ಯಜೀವಿಧಾಮ 244 ಚದರ ಕಿಲೋಮೀಟರ್. ಒಂದು ಲೈಸೆನ್ಸಿನಲ್ಲಿ ಅಂಥ ನಾಲ್ಕು ಗುಡ್ಡ ಹಿಡಿಸುತ್ತವೆ. ಎಕರೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಎರಡೂವರೆ ಲಕ್ಷ. ಅಷ್ಟು ನೆಲದಲ್ಲಿ ಎಷ್ಟು ಊರು, ಎಷ್ಟು ಒಕ್ಕಲು, ಎಷ್ಟು ಬಾವಿ ಎಂದು ಬೆರಳು ಮಡಚಿ ಎಣಿಸಿ ನೋಡಿ.

ಹುಡುಕಿದವನಿಗೆ ಏನು ಸಿಗುತ್ತದೆ? ಅವನು ತೋರಿಸಿದ ಜಾಗ ಮುಂದೆ ಗಣಿಯಾಗಿ ಹರಾಜಾದರೆ ಹರಾಜಿನ ಪ್ರೀಮಿಯಂನಲ್ಲಿ ಪಾಲು. ಹೊಲದವನಿಗೆ ಏನು ಸಿಗುತ್ತದೆ? ನಷ್ಟವಾದರೆ ಪರಿಹಾರ. ಒಬ್ಬನಿಗೆ ಲಾಭದಲ್ಲಿ ಪಾಲು, ಇನ್ನೊಬ್ಬನಿಗೆ ಹಾನಿಯ ಲೆಕ್ಕ ಮಾತ್ರ!

ಹಿತ್ತಲಿಗೆ ಏಳು ದಿನ, ಹೊಲಕ್ಕೆ?

ಈಗ ಕಾನೂನು ನೋಡೋಣ. 1957ರ ಗಣಿ ಮತ್ತು ಖನಿಜ ಅಧಿನಿಯಮದಲ್ಲಿ 24-ಎ ಎಂಬ ಕಲಮು ಇದೆ. ಅನುಮತಿ, ಲೈಸೆನ್ಸು ಅಥವಾ ಗುತ್ತಿಗೆ ಸಿಕ್ಕವನು, ಅವನ ಏಜೆಂಟರು, ಆಳುಗಳು ಆ ಅವಧಿಯಲ್ಲಿ ಎಲ್ಲ ಕಾಲದಲ್ಲೂ ಆ ಭೂಮಿಗೆ ಹೋಗಿ ಕೆಲಸ ಮಾಡುವುದು ಕಾನೂನುಬದ್ಧ ಎಂದು ಅದು ಹೇಳುತ್ತದೆ. ಒಂದು ವಿನಾಯಿತಿ ಇದೆ. ಮನೆಯೊಳಗೆ, ಮನೆಗೆ ಹೊಂದಿದ ಅಂಗಳ ಅಥವಾ ಹಿತ್ತಲಿಗೆ ಹೋಗಬೇಕಾದರೆ ವಾಸವಿದ್ದವರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಏಳು ದಿನ ಮೊದಲು ಲಿಖಿತ ನೋಟೀಸು ಕೊಡಬೇಕು.

ಬಂಧುಗಳೇ, ಇದನ್ನು ಎರಡು ಸಲ ಓದಿ. ಹಿತ್ತಲಲ್ಲಿ ನಾಲ್ಕು ಬದನೆ ಗಿಡ ಇದ್ದರೆ ಏಳು ದಿನದ ನೋಟೀಸು. ಊರಾಚೆ ಹತ್ತು ಎಕರೆ ಎರೆ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಹಿಡಿದು ನಿಂತಿದ್ದರೆ ಆ ಕಲಮಿನಲ್ಲಿ ಒಂದು ದಿನದ ನೋಟೀಸೂ ಇಲ್ಲ. ಈ ಕಲಮು ಬರೆದವರ ಕಣ್ಣಿಗೆ ಮನೆ ಮಾತ್ರ ಮನೆಯಾಗಿ ಕಂಡಿತು. ರೈತನಿಗೆ ಹೊಲವೂ ಮನೆಯೇ ಎಂಬುದು ಕಾಣಲಿಲ್ಲ.

ಇದೇ ದೇಶದ ಇನ್ನೊಂದು ಕಾನೂನು ನೋಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಸರಕಾರ ಜಮೀನು ತೆಗೆದುಕೊಳ್ಳುವ ಮುನ್ನ ಅಳತೆ ಮಾಡಲು, ಮಣ್ಣು ಕೊರೆದು ನೋಡಲು ಬಂದರೂ ಒಡೆಯನ ಅಥವಾ ಅವನು ಲಿಖಿತವಾಗಿ ಒಪ್ಪಿದವನ ಎದುರಿಗೇ ಮಾಡಬೇಕು. ಅವನಿಲ್ಲದಾಗ ಮಾಡುವುದಾದರೆ ಕನಿಷ್ಠ 60 ದಿನ ಮೊದಲು ನೋಟೀಸು ಕೊಟ್ಟಿರಬೇಕು. ಒಂದೇ ಹೊಲ, ಒಂದೇ ಮಣ್ಣು, ಅದೇ ಕೊರೆಯುವ ಯಂತ್ರ. ಒಂದು ಕಾಯ್ದೆಯಲ್ಲಿ 60 ದಿನ, ಇನ್ನೊಂದರಲ್ಲಿ ಸೊನ್ನೆ. ಇದಕ್ಕೆ ಯಾವ ನ್ಯಾಯ?

ಹಳೆಯ ನಿಯಮದಲ್ಲಿ ಇಷ್ಟೂ ಬರಡಿರಲಿಲ್ಲ. 1960ರ ಖನಿಜ ರಿಯಾಯಿತಿ ನಿಯಮಗಳಲ್ಲಿ ಗಣಿ ಗುತ್ತಿಗೆ ಕೇಳುವವನು, ಭೂಮಿ ತನ್ನದಲ್ಲದಿದ್ದರೆ, ಒಡೆಯನ ಒಪ್ಪಿಗೆ ಪಡೆದಿದ್ದೇನೆಂದು ಬರೆದು ಕೊಡಬೇಕಿತ್ತು. ಆ ಮೇಲೆ ಸಡಿಲಿಸಿ, ಗುತ್ತಿಗೆ ಪತ್ರವಾದ ಮೇಲೆ ಕೊಟ್ಟರೂ ಸರಿ, ಆದರೆ ನೆಲದೊಳಗೆ ಕಾಲಿಡುವ ಮುನ್ನ ಕೊಡಬೇಕು ಎಂದರು. ‘ಕಾಲಿಡುವ ಮುನ್ನ’ ಎಂಬ ಆ ಎರಡು ಪದಗಳನ್ನೇ ನಾವು ಹಿಡಿಯಬೇಕು. ಗಣಿ ಅಗೆಯಲು ಒಪ್ಪಿಗೆ ಬೇಕಾದರೆ ಗಣಿಗೆ ದಾರಿ ಮಾಡುವ ಶೋಧನೆಗೂ ಬೇಕು.

ಇನ್ನೊಂದು ವಿಷಯ. ಭೂವೈಜ್ಞಾನಿಕ ಸರ್ವೇಕ್ಷಣೆ, ಪರಮಾಣು ಖನಿಜ ನಿರ್ದೇಶನಾಲಯದಂಥ ಸರಕಾರಿ ಸಂಸ್ಥೆಗಳಿಗೆ ಶೋಧನೆಗೆ ಲೈಸೆನ್ಸು ಬೇಕಿಲ್ಲ. 2021ರ ತಿದ್ದುಪಡಿಯ ನಂತರ ಸರಕಾರ ಹೆಸರಿಸಿದ ಖಾಸಗಿ ಸಂಸ್ಥೆಗಳೂ ಹೀಗೆ ಬರಬಹುದು. 24-ಎ ಕಲಮು ಮಾತನಾಡುವುದು ಲೈಸೆನ್ಸು ಪಡೆದವನ ಬಗ್ಗೆ. ಹಾಗಾದರೆ ಲೈಸೆನ್ಸೇ ಇಲ್ಲದೆ ಬಂದವರು ಯಾವ ಕಲಮಿನ ಮೇಲೆ ನನ್ನ ಹೊಲಕ್ಕೆ ಇಳಿಯುತ್ತಾರೆ? ಜೀಪಿನ ಮೇಲೆ ಬರೆದ ಇಲಾಖೆಯ ಹೆಸರು ಒಪ್ಪಿಗೆ ಪತ್ರವಾಗುವುದಿಲ್ಲ. ಈ ಪ್ರಶ್ನೆಯನ್ನು ನಮ್ಮ ವಕೀಲ ಬಂಧುಗಳು ಎತ್ತಬೇಕು.

‘ಬರೇ ನೋಡಾಕ’ ಬರುವುದೆಂದರೆ

ಮೊದಲು ಮಣ್ಣಿನ ಮಾದರಿ ಒಯ್ಯುತ್ತಾರೆ. ಚೀಲದಲ್ಲಿ ಒಂದಿಷ್ಟು ಮಣ್ಣು ಹೋದರೆ ಯಾರಿಗೂ ನಷ್ಟವಿಲ್ಲ. ಅದರ ನಂತರ ಕಾಲುವೆಯಂತೆ ಉದ್ದಕ್ಕೆ ತೋಡುತ್ತಾರೆ. ಒಡ್ಡು ಒಡೆಯುತ್ತದೆ, ಮೇಲ್ಮಣ್ಣು ಕೆಳಗಾಗಿ ಕೆಳಗಿನ ಕಲ್ಲುಮಣ್ಣು ಮೇಲೆ ಬರುತ್ತದೆ. ಒಂದು ಅಂಗುಲ ಮೇಲ್ಮಣ್ಣು ಆಗಲು ಎಷ್ಟು ತಲೆಮಾರು ಬೇಕು ಎಂಬುದು ರೈತನಿಗೆ ಗೊತ್ತು. ಮೂರನೆಯದಾಗಿ ಕೊರೆಯುವ ರಿಗ್ ಬರುತ್ತದೆ. ಅದಕ್ಕೆ ದಾರಿ ಬೇಕು, ಸಮತಟ್ಟು ಜಾಗ ಬೇಕು, ಕೆಸರು ನೀರಿನ ಗುಂಡಿ ಬೇಕು, ದಿನಕ್ಕೆ ಸಾವಿರಾರು ಲೀಟರ್ ನೀರು ಬೇಕು. ಆ ನೀರು ಎಲ್ಲಿಂದ? ಊರಿನ ಕೆರೆಯಿಂದ, ಇಲ್ಲವೇ ಪಕ್ಕದ ಕೊಳವೆ ಬಾವಿಯಿಂದ. ಕುಡಿಯಲು ಎಂಟು ದಿನಕ್ಕೊಮ್ಮೆ ನಳ ಬಿಡುವ ಊರುಗಳ ಕಥೆ ಇದು.

ಕೊರೆದ ರಂಧ್ರವನ್ನು ಸಿಮೆಂಟು ಹಾಕಿ ಸರಿಯಾಗಿ ಮುಚ್ಚದಿದ್ದರೆ ಮೇಲಿನ ಪದರದ ನೀರು ಕೆಳಕ್ಕೆ, ಕೆಳಗಿನ ಸವಳು ನೀರು ಮೇಲಕ್ಕೆ ದಾರಿ ಮಾಡಿಕೊಳ್ಳಬಹುದು. ಹಸಿ ಎರೆ ಮಣ್ಣಿನಲ್ಲಿ ಭಾರದ ಲಾರಿ ಹಾದರೆ ನೆಲ ಬಿಗಿಯುತ್ತದೆ. ಮುಂದಿನ ಹಿಂಗಾರಿಯಲ್ಲಿ ಆ ಗಾಲಿಯ ಜಾಡಿನ ಮೇಲೆ ಕಡಲೆ ಏಳುವುದಿಲ್ಲ. ಇದನ್ನು ಕಚೇರಿಯಲ್ಲಿ ಕುಳಿತವರು ನಷ್ಟವೆಂದು ಎಣಿಸುವುದಿಲ್ಲ, ಏಕೆಂದರೆ ಅದು ಮರುವರ್ಷ ಕಾಣಿಸುತ್ತದೆ.

ಪರಿಹಾರವೇನೋ ನಿಯಮದಲ್ಲಿದೆ. ಸಾಗುವಳಿ ಭೂಮಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯದ ಮೇಲೆ ವಾರ್ಷಿಕ ಪರಿಹಾರ. ಕೇಳಲು ಚಂದ. ಆದರೆ ಆ ಮೂರು ವರ್ಷದಲ್ಲಿ ಎರಡು ವರ್ಷ ಬರ ಬಿದ್ದಿದ್ದರೆ? ಆಗ ಸರಾಸರಿ ಎಂದರೆ ಬರದ ಬೆಲೆ. ಬಡತನ ಹೆಚ್ಚಿದ ಕಡೆ ಪರಿಹಾರ ಕಡಿಮೆ!

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. 2015ರ ತಿದ್ದುಪಡಿಯ ನಂತರ ಶೋಧನೆ ಮತ್ತು ಗಣಿ ಎರಡನ್ನೂ ಜೋಡಿಸಿದ ಸಂಯುಕ್ತ ಲೈಸೆನ್ಸು ಹರಾಜಾಗುತ್ತದೆ. ಖನಿಜ ಇದೆಯೆಂದು ಸಿದ್ಧವಾದರೆ ಅದೇ ವ್ಯಕ್ತಿಗೆ ಗಣಿ ಗುತ್ತಿಗೆ. ಸಾರ್ವಜನಿಕ ಅಹವಾಲು ಸಭೆ ಎಂಬುದು ಬರುವುದು ಗಣಿ ತೆರೆಯುವ ಹೊತ್ತಿಗೆ. ಅಷ್ಟರಲ್ಲಿ ಹಣ ಸುರಿದಾಗಿರುತ್ತದೆ, ವರದಿ ಬರೆದಾಗಿರುತ್ತದೆ, ಮಂತ್ರಿಗಳ ಭಾಷಣವೂ ಆಗಿರುತ್ತದೆ. ಮದುವೆಯ ಊಟವಾದ ಮೇಲೆ ಕನ್ಯೆಯ ಒಪ್ಪಿಗೆ ಕೇಳಿದ ಹಾಗೆ. ಆದ್ದರಿಂದ ‘ಈಗ ಬರೇ ಶೋಧನೆ, ಗಣಿಯ ಮಾತು ಆಮೇಲೆ’ ಎನ್ನುವವರನ್ನು ನಂಬಬೇಡಿ. ಕೇಳಬೇಕಾದ ಸಮಯ ಶೋಧನೆಯ ಮೊದಲ ದಿನವೇ.

ಯಾರನ್ನು ಕೇಳಿದಿರಿ?

‘ನಾವು ರೈತರ ಒಪ್ಪಿಗೆ ಪಡೆದಿದ್ದೇವೆ’ ಎಂದು ಕಡತದಲ್ಲಿ ಬರೆದಿರುತ್ತಾರೆ. ಯಾರ ಒಪ್ಪಿಗೆ? ಉತಾರದಲ್ಲಿ ಹೆಸರಿದ್ದವನ ಒಪ್ಪಿಗೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಉತಾರಗಳು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಪೌತಿ ಖಾತೆಯಾಗಿಲ್ಲ, ವಾಟ್ನಿಯಾಗಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಒಬ್ಬ ಪೇಟೆಯಲ್ಲಿದ್ದಾನೆ. ಅವನನ್ನು ಚಹಾದಂಗಡಿಯಲ್ಲಿ ಹಿಡಿದು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರೆ ಉಳಿದ ಮೂವರ ಒಪ್ಪಿಗೆಯೂ ಆಯಿತೇ?

ಕೋರಿನಿಂದ, ಲಾವಣಿಯಿಂದ ಹೊಲ ಮಾಡುವವರು ಎಲ್ಲಿ ಹೋದರು? ಬೀಜ ಅವರದು, ಗೊಬ್ಬರದ ಸಾಲ ಅವರದು. ಕಾನೂನು ಕೂಡ ಪರಿಹಾರ ಕೊಡಬೇಕಾದದ್ದು ಭೂಮಿಯ ಮೇಲೆ ಇರುವವನಿಗೆ ಎನ್ನುತ್ತದೆ. ಆದರೆ ಹೆಸರಿಲ್ಲದವನನ್ನು ಹುಡುಕಿಕೊಂಡು ಯಾವ ಅಧಿಕಾರಿಯೂ ಬರುವುದಿಲ್ಲ. ಆ ಹೊಲದಲ್ಲಿ ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ಕೂಲಿಯವರ ಹೆಸರಂತೂ ಯಾವ ಕಾಗದದಲ್ಲೂ ಇಲ್ಲ.

ತಾಯಂದಿರನ್ನು ಯಾರು ಕೇಳಿದರು? ಗಂಡ ತಂದ ಅಕ್ಕಿ ಹೆಚ್ಚಾಯಿತೆಂದು ಮರಳಿ ಸುರಿದು ಬರಲು ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಮನೆಗೆ ಬಂದದ್ದು ನ್ಯಾಯವೋ ಅಲ್ಲವೋ ಎಂದು ಹೊಸ್ತಿಲಲ್ಲಿ ನಿಂತು ತೂಗಿದವಳು ಅವಳು. ಇಂದು ಅದೇ ಪರಂಪರೆಯ ಮನೆಗಳಲ್ಲಿ ಹೊಲದ ಸಹಿಯ ವಿಷಯ ಹೆಂಡತಿಗೆ ಗೊತ್ತಾಗುವುದು ರಿಗ್ ಬಂದು ನಿಂತ ಮೇಲೆ. ಇದಕ್ಕೆ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ, ಇದು ನಮ್ಮದೇ ತಪ್ಪು.

ನಮ್ಮ ಕಡೆ ಒಂದು ಒಳ್ಳೆಯ ಮಾತಿದೆ: “ಮನ್ಯಾಗ ಕೇಳಿ ಹೇಳತೇನ್ರಿ.” ಅದನ್ನು ಪೇಟೆಯವರು ತಪ್ಪಿಸಿಕೊಳ್ಳುವ ಮಾತು ಎಂದು ನಗುತ್ತಾರೆ. ಅಲ್ಲ, ಅದು ಬಹಳ ದೊಡ್ಡ ಮಾತು. ನಾನೊಬ್ಬನೇ ಒಡೆಯನಲ್ಲ, ಈ ನೆಲದ ಮೇಲೆ ಬದುಕುವವರೆಲ್ಲರ ಮಾತು ಬೇಕು ಎಂದು ಅದರ ಅರ್ಥ. ಆ ಮಾತಿಗೆ ಕಾನೂನಿನ ಬಲ ಕೊಡಿ ಎಂದೇ ನಾವು ಕೇಳುತ್ತಿರುವುದು.

ದೇಶದ ಮಾತು

ಎದುರು ವಾದ ಏನೆಂಬುದು ಗೊತ್ತಿದೆ. ಮೊದಲನೆಯದು, ‘ನೆಲದ ಕೆಳಗಿನದು ಸರಕಾರದ್ದು, ನಿಮ್ಮನ್ನೇಕೆ ಕೇಳಬೇಕು?’ ಇದು ಪೂರ್ತಿ ಸುಳ್ಳಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 70ನೇ ಕಲಮಿನ ಪ್ರಕಾರ, ಮಂಜೂರಾತಿಯಲ್ಲಿ ಬೇರೆ ಹೇಳಿರದಿದ್ದರೆ, ಖನಿಜಗಳ ಹಕ್ಕು ರಾಜ್ಯ ಸರಕಾರದ್ದು. ಹಾಗೆಂದು ಇದು ದೇವರು ಬರೆದ ನಿಯಮವಲ್ಲ. ಕೇರಳದ ಮಲಬಾರಿನ ಜಮೀನಿನ ಪ್ರಕರಣದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೆಲದ ಕೆಳಗಿನ ಸಂಪತ್ತೆಲ್ಲ ಸರಕಾರದ್ದೆಂದು ಸಾರುವ ಕಾನೂನು ದೇಶದಲ್ಲಿಲ್ಲ, ಕ್ರಮಬದ್ಧವಾಗಿ ತೆಗೆದುಕೊಳ್ಳದ ಹೊರತು ಅದು ಸಾಮಾನ್ಯವಾಗಿ ಭೂಮಾಲೀಕನದೇ ಎಂದಿತು. ನಮ್ಮಲ್ಲಿ 70ನೇ ಕಲಮು ಅದನ್ನು ತೆಗೆದುಕೊಂಡಿದೆ. ಇರಲಿ.

ಆದರೆ ಒಂದು ಲೆಕ್ಕ ಕೇಳುತ್ತೇನೆ. ನನ್ನ ಅಂಗಳದ ಕೆಳಗೆ ಹಗೇವು ಇದೆ ಎನ್ನಿ. ಅದರಲ್ಲಿರುವ ಜೋಳ ನಿಮ್ಮದೇ ಎನ್ನಿ. ಹಾಗೆಂದು ನಡುರಾತ್ರಿ ಬಂದು ನನ್ನ ಅಂಗಳ ಅಗೆಯುವಿರಾ? ಜೋಳ ನಿಮ್ಮದಾದರೂ ಅಂಗಳ ನನ್ನದು. ಹಗೇವಿನ ಬಾಯಿ ತೆರೆಯುವ ಮುನ್ನ ನನ್ನ ಬಾಗಿಲಲ್ಲಿ ನಿಂತು ಕೇಳಬೇಕು. ಕೆಳಗಿನದು ಸರಕಾರದ್ದೆಂದು ಒಪ್ಪಿದರೂ ಮೇಲಿನದು ರೈತನದೆಂಬುದು ಅಳಿಯುವುದಿಲ್ಲ.

ಎರಡನೆಯ ವಾದ, ‘ದೇಶಕ್ಕೆ ಖನಿಜ ಬೇಡವೇ? ನಿಮ್ಮ ಫೋನಿಗೆ, ಟ್ರ್ಯಾಕ್ಟರಿಗೆ, ಮಗಳ ಮದುವೆಯ ಚಿನ್ನಕ್ಕೆ ಎಲ್ಲಿಂದ ಬರಬೇಕು?’ ಬೇಕು. ಯಾರೂ ಇಲ್ಲವೆನ್ನುತ್ತಿಲ್ಲ. ಶರಣರಲ್ಲಿ ಒಕ್ಕಲುತನದ ಮುದ್ದಣ್ಣನೂ ಇದ್ದ, ಅಕ್ಕಸಾಲೆಯ ಕೆಲಸದಿಂದ ಬಂದ ಕಿನ್ನರಿ ಬೊಮ್ಮಯ್ಯನೂ ಇದ್ದ. ಲೋಹದ ಕಾಯಕವನ್ನು ಹೀಗಳೆಯುವ ಪರಂಪರೆ ನಮ್ಮದಲ್ಲ. ಆದರೆ ದೇಶಕ್ಕೆ ಬೇಕು ಎನ್ನುವುದು ಕೇಳದಿರಲು ಕಾರಣವಲ್ಲ, ಇನ್ನಷ್ಟು ಗೌರವದಿಂದ ಕೇಳಲು ಕಾರಣ. ದೇಶಕ್ಕೆ ಜೋಳವೂ ಬೇಕು. ಆದರೆ ಜೋಳಕ್ಕಾಗಿ ಯಾರೂ ವ್ಯಾಪಾರಿಯ ಗೋದಾಮಿಗೆ ಕೇಳದೆ ನುಗ್ಗುವುದಿಲ್ಲ.

ಮೂರನೆಯದು, ‘ಎಲ್ಲರಿಗೂ ಒಲ್ಲೆ ಎನ್ನುವ ಹಕ್ಕು ಕೊಟ್ಟರೆ ಒಂದು ಗಣಿಯೂ ಆಗುವುದಿಲ್ಲ.’ ಪಶ್ಚಿಮ ಆಸ್ಟ್ರೇಲಿಯಾ ಜಗತ್ತಿಗೇ ಕಬ್ಬಿಣದ ಅದಿರು, ಚಿನ್ನ ಮಾರುವ ನಾಡು. ಅಲ್ಲಿನ 1978ರ ಗಣಿ ಕಾಯ್ದೆಯ ಪ್ರಕಾರ ಸಾಗುವಳಿಯಲ್ಲಿರುವ ಖಾಸಗಿ ಭೂಮಿಯ ಮೇಲ್ಭಾಗದ 30 ಮೀಟರಿಗೆ ಒಡೆಯನ ಮತ್ತು ಅನುಭೋಗದಾರನ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೆ ಆ ಆಳದ ಕೆಳಗಿನದಕ್ಕೆ ಮಾತ್ರ ಹಕ್ಕು. ಅಲ್ಲಿ ಗಣಿ ನಿಂತಿಲ್ಲ. ಕೇಳಿ ಮಾಡುವುದನ್ನು ಕಲಿತರು, ಅಷ್ಟೇ.

ಕೇಳದೆ ಮಾಡಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಬೇಕಿಲ್ಲ. ಬಳ್ಳಾರಿ ನಮ್ಮ ಪಕ್ಕದಲ್ಲೇ ಇದೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿಯನ್ನು ನಾಡು ಮರೆತಿಲ್ಲ. ಕೇಳಿ ಮಾಡಿದರೆ ಏನಾಗುತ್ತದೆಂಬುದಕ್ಕೆ ಒಡಿಶಾದ ನಿಯಮಗಿರಿ ಇದೆ. 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 12 ಗ್ರಾಮಸಭೆಗಳನ್ನು ಕೇಳಿದರು. ಹನ್ನೆರಡೂ ಬೇಡವೆಂದವು. ದೇಶ ಮುಳುಗಲಿಲ್ಲ.

ನಮ್ಮ ಮಠಗಳ ಪಾಲು

ಈಗ ಮನೆಯ ಮಾತು. 2010ರಲ್ಲಿ ಬೆಂಗಳೂರಿನ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಒಪ್ಪಂದವಾಯಿತು. 32 ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆ. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ 3 ಸಾವಿರಕ್ಕೂ ಹೆಚ್ಚು ಎಕರೆ ಜಮೀನಿನ ಮೇಲೆ ಕಣ್ಣು ಬಿತ್ತು. ಆಗ ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಜೊತೆ ಬೀದಿಗಿಳಿದರು. 2011ರ ಜುಲೈನಲ್ಲಿ ಸರಕಾರ ಭೂಸ್ವಾಧೀನ ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ 2015ರ ಕೊನೆಗೆ ಸಂರಕ್ಷಿತ ಪ್ರದೇಶವೆಂಬ ಘೋಷಣೆ ಬಂದು, 2016ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಾಗ ಅದೇ ಶ್ರೀಗಳು ಮತ್ತೆ ಧರಣಿ ಕುಳಿತರು. 2017ರ ಏಪ್ರಿಲ್‌ನಲ್ಲಿ ಘೋಷಣೆ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಇದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳುವ ಹಕ್ಕು ನಮಗೆ ಉಳಿಯಬೇಕಾದರೆ ಎರಡು ಸಂಗತಿ ನೆನಪಿರಲಿ. ಒಂದು, ಗುಡ್ಡಕ್ಕೆ ಬೇಲಿ ಸಿಕ್ಕಿತು, ಗುಡ್ಡದ ಕೆಳಗಿನ ಹೊಲಕ್ಕೆ ಸಿಗಲಿಲ್ಲ. ಎರಡು, ಪೂಜ್ಯರು ಇಲ್ಲದ ಊರಿನಲ್ಲಿ ಯಾರು ನಿಲ್ಲಬೇಕು? ಒಬ್ಬ ಸ್ವಾಮೀಜಿಯ ಧೈರ್ಯದ ಮೇಲೆ ಸಾವಿರ ಒಕ್ಕಲಿನ ಹಕ್ಕು ನಿಂತಿರಬಾರದು. ಅದು ಕಾನೂನಿನಲ್ಲಿರಬೇಕು.

ಇನ್ನೊಂದು ಕಹಿ ಮಾತು. ಶೋಧನೆಗೆ ಬರುವವರು ಜಾಣರು. ಹೊಲಕ್ಕೆ ಹೋಗುವ ಮುನ್ನ ಮಠಕ್ಕೆ ಬರುತ್ತಾರೆ. ಮಹಾದ್ವಾರಕ್ಕೆ ದೇಣಿಗೆ, ಪ್ರಸಾದ ನಿಲಯಕ್ಕೆ ಅಕ್ಕಿ, ಜಾತ್ರೆಗೆ ಪೆಂಡಾಲು. ಸ್ವಾಮಿಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಆ ಫೋಟೋ ಹಿಡಿದು ಊರೊಳಗೆ ಹೋಗುತ್ತಾರೆ. “ಅಜ್ಜಾರ ಆಶೀರ್ವಾದ ಐತ್ರಿ” ಎಂದರೆ ಭಕ್ತ ಯಾವ ಬಾಯಿಂದ ಒಲ್ಲೆ ಎನ್ನಬೇಕು? ಆ ದೇಣಿಗೆ ದಾಸೋಹವಲ್ಲ. ಕಾಯಕದ ಬೆವರಿನಿಂದ ಬಂದು, ಮರಳಿ ಏನನ್ನೂ ಬಯಸದೆ ಸಲ್ಲುವುದು ದಾಸೋಹ. ಇದು ಬೇರೆಯವರ ಹೊಲದ ಬಾಗಿಲಿಗೆ ಕೊಟ್ಟ ಮುಂಗಡ.

ಮಠಗಳಿಗೂ ಜಮೀನಿದೆ. ಮಠದ ಹೊಲವನ್ನು ಲಾವಣಿಗೆ ಮಾಡುವ ಒಕ್ಕಲು ಇದ್ದಾರೆ. ಮಠದ ಜಮೀನಿನಲ್ಲಿ ಕೊರೆಯಲು ಯಾರಾದರೂ ಬಂದರೆ ಪೀಠಾಧಿಪತಿಗಳೋ ಟ್ರಸ್ಟಿನ ಕಾರ್ಯದರ್ಶಿಯೋ ಒಬ್ಬರೇ ಸಹಿ ಮಾಡಬಾರದು. ಉಳುವ ಒಕ್ಕಲನ್ನೂ ಭಕ್ತರನ್ನೂ ಕೂಡಿಸಿ ಕೇಳಬೇಕು. ಅನುಭವ ಮಂಟಪದ ಹೆಸರು ಹೇಳುವ ನಾವು ನಮ್ಮ ಹೊಲದ ಸಹಿಯನ್ನು ಮುಚ್ಚಿದ ಕೋಣೆಯಲ್ಲಿ ಮಾಡಿದರೆ ಸರಕಾರಕ್ಕೆ ಬುದ್ಧಿ ಹೇಳುವ ನಾಲಿಗೆ ನಮಗಿರುವುದಿಲ್ಲ.

ಗೂಟ ಕೀಳುವವರಿಗೂ ಒಂದು ಮಾತು

ಕೆಲವು ಯುವಕರು ಹೇಳುತ್ತಾರೆ: ಮಾತೇ ಬೇಡ, ಬಂದವರ ಗೂಟ ಕಿತ್ತೊಗೆಯೋಣ, ರಿಗ್ ತಡೆಯೋಣ, ಯಾವ ಶೋಧನೆಯೂ ಬೇಡ. ಅವರ ಸಿಟ್ಟು ಅರ್ಥವಾಗುತ್ತದೆ, ದಾರಿ ಸರಿಯಿಲ್ಲ. ಗೂಟ ಕಿತ್ತರೆ ಪೊಲೀಸ್ ಠಾಣೆಯಲ್ಲಿ ಹೆಸರು ಬೀಳುವುದು ಬಡವನ ಮಗನದು. ಅಲ್ಲಿ ಕೆಲಸಕ್ಕೆ ಬಂದ ಭೂವಿಜ್ಞಾನದ ಹುಡುಗನೂ, ರಿಗ್ಗಿನ ಕೂಲಿಯೂ ನಮ್ಮಂಥ ಮನೆಗಳ ಮಕ್ಕಳೇ. ಅವರ ಮೇಲೆ ಕೈ ಮಾಡುವುದು ಅಧರ್ಮ.

ಜೊತೆಗೆ ಪಕ್ಕದ ಹೊಲದವನು ಕೇಳಿ ತಿಳಿದು ಒಪ್ಪಿದರೆ ಅದು ಅವನ ಹಕ್ಕು. ಸಾಲದಲ್ಲಿರುವವನು ನಾಲ್ಕು ದುಡ್ಡು ಬರಲಿ ಎಂದರೆ ಅವನನ್ನು ದ್ರೋಹಿ ಎನ್ನಬೇಡಿ. ‘ಒಲ್ಲೆ’ ಎನ್ನುವ ಹಕ್ಕು ಕೇಳುವವರು ‘ಹೂಂ’ ಎನ್ನುವವನ ಹಕ್ಕನ್ನೂ ಗೌರವಿಸಬೇಕು. ಊರಿನ ಕೆರೆ, ಹಳ್ಳ, ಗೋಮಾಳ, ಅಂತರ್ಜಲದ ವಿಷಯ ಬಂದಾಗ ಮಾತ್ರ ಒಬ್ಬನ ಒಪ್ಪಿಗೆ ಸಾಲದು, ಊರೇ ಕೂಡಿ ಹೇಳಬೇಕು.

ನಾವು ಕೇಳಬೇಕಾದದ್ದು

ಕಾನೂನು ತಿದ್ದುವವರೆಗೆ ಕಾಯುತ್ತ ಕೂಡುವುದು ಬೇಡ. ಪ್ರತಿ ಊರಿನಲ್ಲೂ ಈ ಬೇಡಿಕೆಗಳನ್ನು ಇಡೋಣ.

ಒಂದು: ಹೊಲಕ್ಕೆ ಇಳಿಯುವ ಕನಿಷ್ಠ 60 ದಿನ ಮೊದಲು ಕನ್ನಡದಲ್ಲಿ ಲಿಖಿತ ನೋಟೀಸು. ಯಾರು ಬರುತ್ತಾರೆ, ಯಾವ ಖನಿಜಕ್ಕೆ, ಯಾವ ಅನುಮತಿಯ ಮೇಲೆ, ಎಷ್ಟು ರಂಧ್ರ, ಎಷ್ಟು ಆಳ, ನೀರು ಎಲ್ಲಿಂದ ಎಂಬುದೆಲ್ಲ ಅದರಲ್ಲಿರಬೇಕು.

ಎರಡು: ಚಹಾದಂಗಡಿಯ ಸಹಿ ಸಲ್ಲದು. ಚಾವಡಿಯಲ್ಲೋ ಗ್ರಾಮಸಭೆಯಲ್ಲೋ ಡಂಗುರ ಸಾರಿ ಓದಿ ಹೇಳಬೇಕು. ಉತಾರದವರು, ಮನೆಯ ಹೆಣ್ಣುಮಕ್ಕಳು, ಲಾವಣಿಯ ಒಕ್ಕಲು ಎಲ್ಲರೂ ಇರಬೇಕು. “ಮನ್ಯಾಗ ಕೇಳಿ ಹೇಳತೇನಿ” ಎಂದವನಿಗೆ ಸಮಯ ಕೊಡಬೇಕು.

ಮೂರು: ಬೆಳೆ ನಿಂತಾಗ, ಬಿತ್ತಿಗೆಯ ಹೊತ್ತಿನಲ್ಲಿ ಬರಬಾರದು. ರಾಶಿಯಾದ ಮೇಲೆ ಬರಲಿ.

ನಾಲ್ಕು: ಕೊರೆಯುವ ಮೊದಲು ಸುತ್ತಲಿನ ಬಾವಿ, ಕೊಳವೆ ಬಾವಿಗಳ ನೀರಿನ ಮಟ್ಟ ಮತ್ತು ಗುಣ ಪರೀಕ್ಷಿಸಿ ಅದರ ಪ್ರತಿ ರೈತನಿಗೆ ಕೊಡಬೇಕು. ಕೆಲಸ ಮುಗಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಮೊದಲಿನ ಲೆಕ್ಕವಿಲ್ಲದಿದ್ದರೆ ನಂತರದ ನಷ್ಟಕ್ಕೆ ಸಾಕ್ಷಿ ಇರುವುದಿಲ್ಲ.

ಐದು: ಪರಿಹಾರದ ಹಣ ಮೊದಲೇ ಠೇವಣಿಯಾಗಬೇಕು. ಬರದ ವರ್ಷವನ್ನು ಸರಾಸರಿಯಲ್ಲಿ ಎಣಿಸಬಾರದು. ರಂಧ್ರ ಮುಚ್ಚಿ, ಮೇಲ್ಮಣ್ಣು ಮರಳಿ ಹರವಿ, ಒಡ್ಡು ಕಟ್ಟಿಕೊಟ್ಟು, ರೈತ ಸರಿಯಿದೆಯೆಂದು ಸಹಿ ಮಾಡಿದ ಮೇಲೆಯೇ ಕೆಲಸ ಮುಗಿದಂತೆ.

ಆರು: ನನ್ನ ಹೊಲದಲ್ಲಿ ಏನು ಸಿಕ್ಕಿತೆಂಬ ವರದಿ ನನಗೂ ಬೇಕು. ನನ್ನ ನೆಲದ ಸುದ್ದಿ ಎಲ್ಲರಿಗೂ ಗೊತ್ತಾಗಿ ನನಗೆ ಮಾತ್ರ ಗೊತ್ತಾಗದಿರುವುದು ಮೋಸ.

ಏಳು: 24-ಎ ಕಲಮಿನಲ್ಲಿ ಹಿತ್ತಲಿಗೆ ಕೊಟ್ಟ ಮರ್ಯಾದೆಯನ್ನು ಹೊಲಕ್ಕೂ ಕೊಡುವ ತಿದ್ದುಪಡಿ ಬೇಕು. ಇದನ್ನು ನಮ್ಮ ಭಾಗದ ಸಂಸದರ ಮುಂದಿಡೋಣ. ಮಠಕ್ಕೆ ನಮಸ್ಕರಿಸಲು ಬರುವ ಸಂಸದರಿಗೆ ಹಾರ ಹಾಕುವ ಮೊದಲು ಈ ಕಾಗದ ಕೊಡೋಣ.

ಎಂಟು: ಪ್ರತಿ ಮಠವೂ ತನ್ನ ಸಭೆಯಲ್ಲಿ ಒಂದು ಠರಾವು ಮಾಡಲಿ. ಶೋಧನೆಗೆ, ಗಣಿಗೆ ಅರ್ಜಿ ಹಾಕಿದವರಿಂದ ದೇಣಿಗೆ ಪಡೆಯುವುದಿಲ್ಲ. ಮಠದ ಜಮೀನಿಗೂ ಮೇಲಿನ ಏಳು ನಿಯಮಗಳೇ ಅನ್ವಯ.

ಇವುಗಳಲ್ಲಿ ಯಾವುದೂ ಅತಿಯಾಸೆಯಲ್ಲ. ಅರ್ಧದಷ್ಟು ಕೆಲಸಕ್ಕೆ ಯಾವ ಕಾನೂನೂ ಬೇಕಿಲ್ಲ, ಊರಿನ ಒಗ್ಗಟ್ಟು ಸಾಕು. ಈ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಇದನ್ನು ಓದಿ ಚರ್ಚಿಸಿ. ಮನೆಯ ಉತಾರ ತೆಗೆದು ಯಾರ ಹೆಸರಿದೆ ನೋಡಿ, ಪೌತಿ ಖಾತೆ ಮಾಡಿಸಿ, ಮನೆಯ ತಾಯಿಯ ಹೆಸರು ಸೇರಿಸಿ. ಕೇಳಲು ಬರುವವರಿಗೆ ಕೂಡ್ರಲು ಕಂಬಳಿ ಹಾಸಿ, ನೀರು ಕೊಡಿ, ಅವರ ಮಾತು ಪೂರ್ತಿ ಕೇಳಿ. ಕೇಳದೆ ಬಂದವರಿಗೆ ಬದುವಿನ ಮೇಲೆಯೇ ನಿಂತು ಹೇಳಿ: ಮೊದಲು ಕೇಳಿ, ಆಮೇಲೆ ಇಳಿಯಿರಿ.